‘ದೆವ್ವದ ಮನೆ’ಯ ವರದಿ ಹೇಗಿರಬೇಕು?

ಪ್ರಶ್ನೆ: ರಾತ್ರಿ ಸದ್ದು ಕೇಳುತ್ತದೆ, ನೆರಳು ಕಾಣುತ್ತದೆ ಎನ್ನುವ ಮನೆಗಳನ್ನು ನಮ್ಮ ತಂಡ ಪರಿಶೀಲಿಸುತ್ತದೆ. ಮನೆಯವರಿಗೆ ಕೊಡುವ ವರದಿಯಲ್ಲಿ ಏನೇನಿರಬೇಕು?
— ಓದುಗರು, ಹಾಸನ

ಉತ್ತರ: ಮನೆಯವರು ಹೇಳಿದ್ದನ್ನು ಅವರದೇ ಮಾತಿನಲ್ಲಿ ಬರೆಯಿರಿ, ನೀವು ಅಳೆದದ್ದು ಬೇರೆ ಪುಟದಲ್ಲಿರಲಿ. ಇವೆರಡೂ ಬೆರೆತರೆ ವರದಿ ಕೆಟ್ಟಿತೆಂದೇ ಲೆಕ್ಕ. ಪ್ರತಿ ಅಳತೆಗೂ ಗಂಟೆ-ನಿಮಿಷ, ಜಾಗ, ಉಪಕರಣದ ಹೆಸರು ಬೇಕು. ಫ್ರಿಜ್, ಪಂಪು ಓಡುತ್ತಿರುವಾಗ ಒಮ್ಮೆ, ಮೇನ್ ಸ್ವಿಚ್ ಆರಿಸಿ ಇನ್ನೊಮ್ಮೆ ಕಾಂತಕ್ಷೇತ್ರ ಅಳೆದು, ಎರಡನ್ನೂ ಮಿಲಿಗಾಸ್‌ನಲ್ಲಿ ಪಕ್ಕಪಕ್ಕ ಕೊಡಿ. ಹತ್ತಿರದ ಮೊಬೈಲಿಗೂ ಕೆ-2 ಮೀಟರಿನ (ಕಾಂತಕ್ಷೇತ್ರವನ್ನು ದೀಪಗಳಿಂದ ತೋರಿಸುವ ಕೈ-ಉಪಕರಣ) ದೀಪ ಹೊತ್ತಿಕೊಳ್ಳುತ್ತದೆ, ಹಾಗಾಗಿ ತಂಡದವರ ಫೋನ್ ಆಫ್ ಮಾಡಿದ್ದನ್ನೂ ದಾಖಲಿಸಿ. ‘ತಣ್ಣನೆಯ ಜಾಗ’ ಎನ್ನುವ ಮುನ್ನ ನೆನಪಿಡಿ, ಇನ್‌ಫ್ರಾರೆಡ್ ಥರ್ಮಾಮೀಟರ್ ಅಳೆಯುವುದು ಗೋಡೆಯ ಮೇಲ್ಮೈಯನ್ನು, ಗಾಳಿಯನ್ನಲ್ಲ.

ವರದಿಯ ಜೀವಾಳ, ನೀವು ಪರೀಕ್ಷಿಸಿದ ಸಾಮಾನ್ಯ ಕಾರಣಗಳ ವಿವರ. ಇಂಗ್ಲೆಂಡಿನ ಎಂಜಿನಿಯರ್ ವಿಕ್ ಟ್ಯಾಂಡಿ 1998ರಲ್ಲಿ ಪ್ರಕಟಿಸಿದ ಪ್ರಕರಣದಲ್ಲಿ, ಪ್ರಯೋಗಾಲಯದಲ್ಲಿ ಕಂಡ ಬೂದು ಆಕೃತಿಗೆ ಅವರು ಗುರುತಿಸಿದ ಕಾರಣ ಫ್ಯಾನಿನಿಂದ ಏಳುತ್ತಿದ್ದ ಸುಮಾರು 19 ಹರ್ಟ್ಸ್‌ನ, ಕಿವಿಗೆ ಕೇಳಿಸದಷ್ಟು ಕೆಳಮಟ್ಟದ ಕಂಪನ! ಮನೆಮಂದಿಗೆ ತಲೆನೋವು, ತಲೆಸುತ್ತು ಇದ್ದರೆ ಗ್ಯಾಸ್ ಗೀಸರ್ ನೋಡಿಸಿ. ಅದರಿಂದ ಹೊಮ್ಮಬಹುದಾದ ವಾಸನೆಯಿಲ್ಲದ ವಿಷಾನಿಲ ಕಾರ್ಬನ್ ಮಾನಾಕ್ಸೈಡ್‌ನ ಶಂಕೆಯನ್ನು ವರದಿ ಮುಗಿಯುವ ತನಕ ಇಟ್ಟುಕೊಳ್ಳಬೇಡಿ, ಆ ಕ್ಷಣವೇ ತಿಳಿಸಿ.

ಉಳಿದದ್ದಕ್ಕೆ ‘ಕಾರಣ ಸಿಕ್ಕಿಲ್ಲ’ ಎಂದಷ್ಟೇ ಬರೆದು, ಕತ್ತರಿಸದ ಮೂಲ ಧ್ವನಿಮುದ್ರಣವನ್ನು ಜೊತೆಗಿಡಿ.