ಅಜ್ಜನ ಕಾಲದ ಗಾಂಜಾ ಅಂಗಡಿ

ಪ್ರಶ್ನೆ: ಎಂಜಿನಿಯರಿಂಗ್ ಓದುತ್ತಿರುವ ನನ್ನ ತಮ್ಮನ ಮಗ ಹಾಸ್ಟೆಲಿನಲ್ಲಿ 40 ಗ್ರಾಂ ಗಾಂಜಾ ಇಟ್ಟುಕೊಂಡು ಸಿಕ್ಕಿಬಿದ್ದಿದ್ದಾನೆ. ಸೇದುವ ಚಟ ಹತ್ತಿದೆಯಂತೆ. ‘ನಮ್ಮ ಕಾಲದಲ್ಲಿ ಲೈಸೆನ್ಸ್ ಅಂಗಡಿಯಲ್ಲೇ ಮಾರುತ್ತಿದ್ದರು’ ಎನ್ನುತ್ತಾರೆ ಅಪ್ಪ. ನಿಜವೇ? ಹುಡುಗನ ಗತಿಯೇನು?
– ಒಬ್ಬ ಸೋದರತ್ತೆ, ದಾವಣಗೆರೆ

ಉತ್ತರ: ನಿಮ್ಮ ತಂದೆಯವರು ಹೇಳಿದ್ದು ನಿಜ, ತಾಯಿ. 1985ರ ನವೆಂಬರ್‌ನಲ್ಲಿ ಮಾದಕ ವಸ್ತು ತಡೆಯ ಎನ್‌ಡಿಪಿಎಸ್ ಕಾಯ್ದೆ ಜಾರಿಗೆ ಬರುವವರೆಗೂ ದೇಶದ ಹಲವೆಡೆ ಸರ್ಕಾರವೇ ಪರವಾನಗಿ ಕೊಟ್ಟು, ಸುಂಕ ವಸೂಲು ಮಾಡಿ ಗಾಂಜಾ ಮಾರಿಸುತ್ತಿತ್ತು. ನಿಷೇಧಿಸಬೇಕೇ ಎಂದು ತಿಳಿಯಲು ಬ್ರಿಟಿಷರು 1893ರಲ್ಲೇ ಆಯೋಗ ನೇಮಿಸಿದ್ದರು. ಅದು ಸಾವಿರಕ್ಕೂ ಹೆಚ್ಚು ಸಾಕ್ಷಿಗಳನ್ನು ವಿಚಾರಿಸಿತು. ಗಾಂಜಾದಿಂದ ಹುಚ್ಚು ಹಿಡಿಯುತ್ತದೆಯೇ ಎಂದು ಹುಚ್ಚಾಸ್ಪತ್ರೆಗಳ ದಾಖಲೆ ತೆಗೆಸಿ ನೋಡಿದರೆ, ಪೊಲೀಸರು ಹೇಳಿ ಕಳುಹಿಸಿದ ಮಾತನ್ನೇ ನಂಬಿ ರೋಗದ ಕಾರಣ ‘ಗಾಂಜಾ’ ಎಂದು ಬರೆದುಕೊಂಡ ಪ್ರಕರಣಗಳು ಕಂಡವು. ಅತಿಯಾದರೆ ಕೆಡುಕು, ಆದರೆ ಪೂರ್ತಿ ನಿಷೇಧ ಬೇಡ, ತೆರಿಗೆ ಹಾಕಿ ಹತೋಟಿಯಲ್ಲಿಡಿ ಎಂದಿತು ವರದಿ. ಮಾದಕ ವಸ್ತುಗಳನ್ನು ಹತ್ತಿಕ್ಕಲು ಹೇಳಿದ 1961ರ ಅಂತರರಾಷ್ಟ್ರೀಯ ಒಪ್ಪಂದ ಆ ವಿವೇಕವನ್ನು ಬದಿಗೆ ಸರಿಸಿತು.

1985ರ ಕಾಯ್ದೆ ಯಾರ ಮೇಲೆ ಬಿತ್ತು ಎಂಬುದನ್ನು ನಾನು ವಕೀಲನಾಗಿ ಕಣ್ಣಾರೆ ಕಂಡಿದ್ದೇನೆ. ತೊಂಬತ್ತರ ದಶಕದಲ್ಲಿ ನನ್ನ ಕಕ್ಷಿದಾರನೊಬ್ಬ ಹಮಾಲಿ ಮಾಡುತ್ತಿದ್ದ ಹುಡುಗ. ನ್ಯಾಯಾಲಯದಲ್ಲಿ ಅರಗಿನ ಮುದ್ರೆ ಒಡೆದು ಪೊಟ್ಟಣ ಬಿಚ್ಚಿದಾಗ ಇದ್ದದ್ದು ಚಿಟಿಕೆ ಉಪ್ಪಿನಷ್ಟು ಬ್ರೌನ್ ಶುಗರ್ (ಕಲಬೆರಕೆ ಹೆರಾಯಿನ್), ಅರ್ಧ ಗ್ರಾಂ. ಅಂದು 250 ಮಿಲಿಗ್ರಾಂ ದಾಟಿದರೆ ಚಟಗಾರನಿಗೂ ಕನಿಷ್ಠ 10 ವರ್ಷ ಜೈಲು, ಒಂದು ಲಕ್ಷ ರೂಪಾಯಿ ದಂಡ. ಕಿಲೋಗಟ್ಟಲೆ ಸಾಗಿಸಿದವನಿಗೂ ಕನಿಷ್ಠ ಅಷ್ಟೇ. ‘ಇಷ್ಟು ಪುಡಿಗೆ ಹತ್ತು ವರ್ಷವೇ ಸ್ವಾಮಿ?’ ಎಂದು ಅವನ ತಾಯಿ ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ಮಾರಿದವನು ಕಟಕಟೆ ಹತ್ತಲೇ ಇಲ್ಲ. ಪ್ರಮಾಣಕ್ಕೆ ತಕ್ಕ ಶಿಕ್ಷೆ ಎಂಬ ತಿದ್ದುಪಡಿ ಬಂದದ್ದು 2001ರಲ್ಲಿ. ಆ ಹುಡುಗನ ಯೌವನ ಅಷ್ಟರಲ್ಲಿ ಕಳೆದುಹೋಗಿತ್ತು.

ಈಗ ನಿಮ್ಮ ಹುಡುಗನ ವಿಷಯ. ಗಾಂಜಾ ಒಂದು ಕಿಲೋವರೆಗೆ ‘ಸಣ್ಣ ಪ್ರಮಾಣ’. ಹೆಚ್ಚೆಂದರೆ ಒಂದು ವರ್ಷ ಜೈಲು ಅಥವಾ 10,000 ರೂಪಾಯಿ ದಂಡ, ಇಲ್ಲವೇ ಎರಡೂ. ಜಾಮೀನಿಗೆ ಅಡ್ಡ ಬರುವ 37ನೇ ಸೆಕ್ಷನ್‌ನ ಕಠಿಣ ಷರತ್ತು ಇಲ್ಲಿ ಅನ್ವಯಿಸುವುದಿಲ್ಲ. ಮುಖ್ಯವಾಗಿ 64ಎ ಸೆಕ್ಷನ್ ಬಗ್ಗೆ ನಿಮ್ಮ ವಕೀಲರನ್ನು ಕೇಳಿ. ಚಟಕ್ಕೆ ಬಿದ್ದವನು ತಾನಾಗಿ ಸರ್ಕಾರಿ ಅಥವಾ ಸರ್ಕಾರ ಮಾನ್ಯ ಮಾಡಿದ ಕೇಂದ್ರದಲ್ಲಿ ಚಿಕಿತ್ಸೆಗೆ ಸೇರಿದರೆ ಮೊಕದ್ದಮೆಯಿಂದ ರಕ್ಷಣೆ ಸಿಗುತ್ತದೆ. ಚಿಕಿತ್ಸೆಯನ್ನು ಅರ್ಧಕ್ಕೆ ಬಿಟ್ಟರೆ ಆ ರಕ್ಷಣೆಯನ್ನು ಹಿಂತೆಗೆದುಕೊಳ್ಳಬಹುದು. ಆದ್ದರಿಂದ ಮೊದಲು ಅವನ ಜೊತೆ ಕುಳಿತು ಮಾತನಾಡಿ, ಒಪ್ಪಿಸಿ, ಜಿಲ್ಲಾ ಆಸ್ಪತ್ರೆಯ ಮನೋರೋಗ ವಿಭಾಗಕ್ಕೆ ನೀವೇ ಕರೆದುಕೊಂಡು ಹೋಗಿ. ಬೈಯುವುದಿದ್ದರೆ ಆಮೇಲೆ ಬೈಯಿರಿ.