ರಸದಾನಿಯ ಆಮ್ಲೀಯತೆ ಕುಗ್ಗಿದರೆ ಯೀಸ್ಟ್‌ನ ಕೋಶಭಿತ್ತಿಗೆ ಏನಾಗುತ್ತದೆ?

ರಸದಾನಿಗೆ (ವ್ಯಾಕ್ಯೂಲ್, ಕೋಶದೊಳಗಿನ ಪೊರೆಚೀಲ) ಪ್ರೋಟಾನು ತುಂಬುವ ವಿ-ಎಟಿಪೇಸ್ ಪಂಪು ಕೆಟ್ಟ ಯೀಸ್ಟ್ ತಳಿ, ಭಿತ್ತಿಗೆ ಅಂಟುವ ಕ್ಯಾಲ್ಕೋಫ್ಲೋರ್ ವೈಟ್ ಬಣ್ಣ ಬೆರೆಸಿದ ತಟ್ಟೆಯ ಮೇಲೆ ಸೊರಗುತ್ತದೆ, ಆಮ್ಲ ಇರುವುದು ರಸದಾನಿಯೊಳಗೆ, ಭಿತ್ತಿ ಇರುವುದು ಕೋಶದ ಹೊರಗೆ, ಇವೆರಡಕ್ಕೆ ಎಲ್ಲಿಯ ನಂಟು ಎಂದು ಕೇಳಿದ್ದೀರಿ. ನಾನು ಕೆಲಸ ಮಾಡುವುದು ಬೇಕರಿ ಯೀಸ್ಟ್‌ನ ಮೇಲೆಯೇ. ನನ್ನ ಮಟ್ಟಿಗೆ ಮುಖ್ಯ ನಂಟು ಕ್ಯಾಲ್ಸಿಯಂ.

ಕೋಶದ್ರವ್ಯದ ಪಿಎಚ್ ಸುಮಾರು 7, ರಸದಾನಿಯದು ಸುಮಾರು 6 ಅಥವಾ ಅದಕ್ಕೂ ಕಡಿಮೆ. ಎಟಿಪಿಯನ್ನು ವ್ಯಯಿಸಿ ಈ ಅಂತರವನ್ನು ಉಳಿಸುವುದು ವಿ-ಎಟಿಪೇಸ್. ರಸದಾನಿಯ ಪೊರೆಯಲ್ಲಿರುವ ವಿಸಿಎಕ್ಸ್1 ಪ್ರೋಟೀನು ಪ್ರೋಟಾನನ್ನು ಹೊರಬಿಟ್ಟು ಅದರ ಬದಲಿಗೆ ಕ್ಯಾಲ್ಸಿಯಂ ಅನ್ನು ಒಳಗೆ ಸೆಳೆಯುತ್ತದೆ. ಪ್ರೋಟಾನುಗಳೇ ಕೂಡಿಲ್ಲವೆಂದರೆ ಆ ವಿನಿಮಯ ನಿಲ್ಲುತ್ತದೆ, ಕೋಶದ್ರವ್ಯದಲ್ಲಿ ಕ್ಯಾಲ್ಸಿಯಂ ಹತೋಟಿ ತಪ್ಪುತ್ತದೆ. ಆಗ ಕ್ಯಾಲ್ಸಿಯಂನಿಂದ ಎಚ್ಚರಗೊಳ್ಳುವ ಕ್ಯಾಲ್ಸಿನ್ಯೂರಿನ್ ಎಂಬ ಕಿಣ್ವ ಚುರುಕಾಗುತ್ತದೆ. ಭಿತ್ತಿಯ ಮುಖ್ಯ ವಸ್ತುವಾದ ಗ್ಲೂಕನ್ ತಯಾರಿಸುವ ಕಿಣ್ವದ ಎಫ್‌ಕೆಎಸ್2 ಜೀನನ್ನು ಜಾಗೃತಗೊಳಿಸುವುದೂ ಇದೇ ಕ್ಯಾಲ್ಸಿನ್ಯೂರಿನ್. ಕ್ಯಾಲ್ಸಿನ್ಯೂರಿನನ್ನು ತಡೆಯುವ ಎಫ್‌ಕೆ506 ಔಷಧಿಯನ್ನು, ಗ್ಲೂಕನ್ ಕಿಣ್ವದ ಇನ್ನೊಂದು ಜೀನಾದ ಎಫ್‌ಕೆಎಸ್1 ಇಲ್ಲದ ತಳಿಯೂ ತಾಳದು, ವಿ-ಎಟಿಪೇಸ್ ಇಲ್ಲದ ತಳಿಯೂ ತಾಳದು. ಒಂದರ ದೋಷ ಭಿತ್ತಿಯಲ್ಲಿ, ಇನ್ನೊಂದರದು ರಸದಾನಿಯಲ್ಲಿ, ಆದರೂ ಎರಡೂ ನೆಚ್ಚಿರುವುದು ಕ್ಯಾಲ್ಸಿನ್ಯೂರಿನ್ ಎಂಬ ಒಂದೇ ಕಿಣ್ವವನ್ನು. ಇದಕ್ಕಿಂತ ಸೊಗಸಾದ ಸುಳಿವನ್ನು ನಾನು ಕಂಡಿಲ್ಲ.

ಆದರೆ ತಪ್ಪನ್ನೆಲ್ಲ ರಸದಾನಿಯ ಮೇಲೆ ಹೊರಿಸಬೇಡಿ. ಪ್ರೋಟೀನುಗಳನ್ನು ಸಿದ್ಧಗೊಳಿಸಿ ಕಳಿಸುವ ಗಾಲ್ಗಿಯಲ್ಲೂ ವಿ-ಎಟಿಪೇಸ್ ಇದೆ. ಭಿತ್ತಿಯ ಹೊರಪದರದ ಮ್ಯಾನೋಪ್ರೋಟೀನುಗಳಿಗೆ ಸಕ್ಕರೆಯ ಸರಪಳಿ ಬೆಳೆಯುವುದು ಅಲ್ಲಿಯೇ. ಈ ಪಂಪಿನ ಒಂದು ಭಾಗದ ಜೀನಾದ ವಿಎಂಎ2 ಅಳಿಸಿದರೆ ಎರಡೂ ಕಡೆ ಪಂಪು ನಿಲ್ಲುತ್ತದೆ, ಹಾಗಾಗಿ ಆ ಒಂದೇ ತಳಿಯಿಂದ ಉತ್ತರ ಸಿಗದು. ರಸದಾನಿಯ ಪಂಪಿಗಷ್ಟೇ ಬೇಕಾದ ವಿಪಿಎಚ್1 ಜೀನನ್ನು ಅಳಿಸಿದ ತಳಿಯಲ್ಲಿ ರಸದಾನಿಯ ಆಮ್ಲೀಯತೆ ಮಾತ್ರ ಕುಗ್ಗುತ್ತದೆ, ಗಾಲ್ಗಿಯ ಪಂಪಿನ ಎಸ್‌ಟಿವಿ1 ಜೀನನ್ನು ಅಳಿಸಿದರೆ ಪೆಟ್ಟು ಬೀಳುವುದು ಗಾಲ್ಗಿಗೆ. ಮೂರನ್ನೂ ಅಕ್ಕಪಕ್ಕ ಬೆಳೆಸಿ ನೋಡಿ. ತಟ್ಟೆಯ ಪಿಎಚ್ ಅನ್ನು 5ರ ಆಸುಪಾಸಿನಲ್ಲಿ ಬಫರ್‌ನಿಂದ ಹಿಡಿದಿಡಿ, ಏಕೆಂದರೆ 7.5ರಲ್ಲಿ ಪಂಪು ಪೂರ್ತಿ ಕೆಟ್ಟ ವಿಎಂಎ ತಳಿಗಳು ಯಾವ ಬಣ್ಣವಿಲ್ಲದೆಯೂ ಬೆಳೆಯುವುದಿಲ್ಲ. ಇನ್ನೊಂದು ತಟ್ಟೆಗೆ, ಕೋಶ ಒಡೆಯದಂತೆ ಹೊರಗಿನಿಂದ ಆಸರೆ ಕೊಡುವ ಸಾರ್ಬಿಟಾಲ್ ಅನ್ನು 1 ಮೋಲಾರ್ ಪ್ರಮಾಣದಲ್ಲಿ ಸೇರಿಸಿ. ಅದರಲ್ಲಿ ತಳಿ ಚೇತರಿಸಿಕೊಂಡರೆ ಭಿತ್ತಿಯೇ ದುರ್ಬಲವಾಗಿದೆ ಎಂಬ ಅನುಮಾನಕ್ಕೆ ಬಲ ಬರುತ್ತದೆ.

ಕ್ಯಾಲ್ಕೋಫ್ಲೋರ್ ಫಲಿತಾಂಶವನ್ನು ಓದುವಾಗಲೂ ಎಚ್ಚರವಿರಲಿ. ಅದು ಅಂಟಿಕೊಳ್ಳುವುದು ಭಿತ್ತಿಯ ಇನ್ನೊಂದು ವಸ್ತುವಾದ ಕೈಟಿನ್‌ಗೆ. ಕೈಟಿನ್ ತಯಾರಿಸುವ ಸಿಎಚ್ಎಸ್3 ಇಲ್ಲದೆ ಅದು ಕಡಿಮೆಯಾದ ತಳಿ ಈ ಬಣ್ಣವನ್ನು ಸಲೀಸಾಗಿ ತಡೆದುಕೊಳ್ಳುತ್ತದೆ. ಭಿತ್ತಿಗೆ ಪೆಟ್ಟು ಬಿದ್ದ ಕೋಶ ಹೆಚ್ಚುವರಿ ಕೈಟಿನ್ ತುಂಬಿಕೊಳ್ಳುವುದುಂಟು, ಆಗ ಈ ಬಣ್ಣಕ್ಕೆ ಇನ್ನಷ್ಟು ಸುಲಭವಾಗಿ ಬಲಿಯಾಗುತ್ತದೆ. ಹಾಗಾಗಿ ಭಿತ್ತಿಗೆ ಪೆಟ್ಟು ಬಿದ್ದಾಗ ಫಾಸ್ಫೇಟ್ ಸೇರಿ ಚುರುಕಾಗುವ ಎಸ್ಎಲ್‌ಟಿ2 ಕೈನೇಸ್ ಕಿಣ್ವಕ್ಕೆ ಫಾಸ್ಫೇಟ್ ಸೇರಿದೆಯೇ ಎಂಬುದನ್ನೂ ವೆಸ್ಟರ್ನ್ ಬ್ಲಾಟ್‌ನಲ್ಲಿ (ಪ್ರೋಟೀನು ಪತ್ತೆಹಚ್ಚುವ ಪರೀಕ್ಷೆ) ನೋಡಿ.