ಬಿಸಿಲಿನಲ್ಲಿ, ಏರುಹಾದಿಯಲ್ಲಿ ನಡೆಯುವ ದೀರ್ಘ ಟ್ರಯಥ್ಲಾನ್ ಅನ್ನು ಹೇಗೆ ನಿಭಾಯಿಸಬೇಕು?

3.8 ಕಿ.ಮೀ. ಈಜು, 180 ಕಿ.ಮೀ. ಸೈಕಲ್ ಸವಾರಿ ಮತ್ತು 42.2 ಕಿ.ಮೀ. ಓಟವಿರುವ ಈ ಸ್ಪರ್ಧೆಯಲ್ಲಿ ಎಲ್ಲಕ್ಕಿಂತ ಮುಖ್ಯವಾದುದು ಸೈಕಲ್ ಏರುಗಳಲ್ಲಿ ತೋರುವ ಸಂಯಮ ಎಂಬುದು ನನ್ನ ದೃಢವಾದ ಅಭಿಪ್ರಾಯ. ಸಮತಟ್ಟಾದ ರಸ್ತೆಯಲ್ಲಿ ಎದುರುಗಾಳಿಯೇ ಬೆವರನ್ನು ಆರಿಸಿ ಮೈಯನ್ನು ತಂಪಾಗಿಡುತ್ತದೆ. ಏರಿನಲ್ಲಾದರೋ ವೇಗ ಕುಗ್ಗಿ ಆ ಗಾಳಿಯ ನೆರವು ತಪ್ಪುತ್ತದೆ, ಅದೇ ಹೊತ್ತಿಗೆ ಸ್ನಾಯುಗಳು ಹೆಚ್ಚು ದುಡಿದು ಹೆಚ್ಚು ಶಾಖವನ್ನು ಹುಟ್ಟಿಸುತ್ತವೆ. ಹೆಲ್ಮೆಟ್ಟಿನ ಅಂಚಿನಿಂದ ಬೆವರು ಹ್ಯಾಂಡಲ್ ಮೇಲೆ ತೊಟ್ಟಿಕ್ಕತೊಡಗಿತೆಂದರೆ, ಅದು ಮೈಯನ್ನು ತಣಿಸದೆ ವ್ಯರ್ಥವಾಗುತ್ತಿದೆ ಎಂದೇ ಅರ್ಥ. ಆದ್ದರಿಂದ ಹಗುರವಾದ ಗೇರಿನಲ್ಲಿ, ಇತರರು ಮುಂದೆ ಸಾಗಿದರೂ ವಿಚಲಿತರಾಗದೆ, ಮಾತನಾಡಲು ಸಾಧ್ಯವಾಗುವಷ್ಟೇ ಶ್ರಮದಲ್ಲಿ ಏರಿ. ಆಹಾರ ಮತ್ತು ನೀರನ್ನು ಏರು ಮುಗಿದ ಮೇಲೆ, ಉಸಿರು ಹದಕ್ಕೆ ಬಂದಾಗ ತೆಗೆದುಕೊಳ್ಳಿ. ಗಂಟೆಗೆ 60ರಿಂದ 90 ಗ್ರಾಂ ಕಾರ್ಬೊಹೈಡ್ರೇಟ್ ಸಾಮಾನ್ಯ ಗುರಿ.

ಅಭ್ಯಾಸದ ದಿನ ಒಂದು ಗಂಟೆಯ ಸವಾರಿಗೆ ಮುಂಚೆ ಮತ್ತು ನಂತರ ತೂಕ ನೋಡಿ, ಕಡಿಮೆಯಾದ ತೂಕಕ್ಕೆ ಕುಡಿದ ನೀರನ್ನು ಕೂಡಿಸಿದರೆ ನಿಮ್ಮ ಬೆವರಿನ ಪ್ರಮಾಣ ತಿಳಿಯುತ್ತದೆ. ಅದನ್ನು ಮೀರಿ ಬರಿಯ ನೀರನ್ನೇ ಕುಡಿದರೆ ರಕ್ತದ ಸೋಡಿಯಂ ಅಪಾಯದ ಮಟ್ಟಕ್ಕೆ ಇಳಿಯಬಹುದು. ಬಿಸಿಲಿಗೆ ದೇಹ ಒಗ್ಗಿಕೊಳ್ಳಲು ಸುಮಾರು 10ರಿಂದ 14 ದಿನ ಬೇಕಾಗುವುದರಿಂದ ಅಷ್ಟು ಮುಂಚಿತವಾಗಿ ಬಿಸಿಲಿನಲ್ಲಿ ಅಭ್ಯಾಸ ಆರಂಭಿಸಿ. ಓಟದಲ್ಲಿ ಟೋಪಿಯೊಳಗೆ ಮಂಜುಗಡ್ಡೆ ಇಟ್ಟುಕೊಳ್ಳುವುದು, ತಲೆ ಮತ್ತು ಕತ್ತಿಗೆ ನೀರು ಸುರಿದುಕೊಳ್ಳುವುದು ನಿಜಕ್ಕೂ ಉಪಯುಕ್ತ. ಆದರೆ ಬಿಸಿಲಿನಲ್ಲೂ ಚಳಿ ಹುಟ್ಟಿದರೆ, ಹೆಜ್ಜೆ ತಪ್ಪಿದರೆ ಅಥವಾ ಮನಸ್ಸು ಗಲಿಬಿಲಿಗೊಂಡರೆ ದಯವಿಟ್ಟು ಅಲ್ಲಿಯೇ ನಿಂತು ವೈದ್ಯಕೀಯ ಸಹಾಯ ಪಡೆಯಿರಿ.